ಸ್ವಾಮಿಯೋರ ನೇಗಿಲು

ಹಳೇಬೀಡಿನ ದೇಗುಲ ನೋಡಿ ಮುಗಿಸಿದವರು ಬೇಲೂರಿನ ಬಸ್ಸು ಹಿಡಿಯುತ್ತಾರೆ. ಅಲ್ಲೇ ಹತ್ತಿರದ ಹುಲಿಕೆರೆಯ ಕಡೆ ತಿರುಗುವವರು ಕಡಿಮೆ. ತಿರುಗಿದವರಿಗೆ ಊರ ಮಧ್ಯೆ ಹೊಯ್ಸಳರ ಕಾಲದ ಒಂದು ಕಲ್ಯಾಣಿ ಸಿಗುತ್ತದೆ. ಮೆಟ್ಟಿಲು ಇಳಿಯುತ್ತ ಹೋದರೆ ಸುತ್ತಲೂ ಆಟಿಕೆಯಂಥ ಪುಟ್ಟ ಗುಡಿಗಳು, ನಡುವೆ ನೀರು. ನೋಡಿದವರು ಶಿಲ್ಪಿಯನ್ನು ಹೊಗಳುತ್ತಾರೆ. ನನಗೆ ಬರುವ ಯೋಚನೆ ಬೇರೆ. ಇಷ್ಟೆಲ್ಲ ಕಟ್ಟಿಸಿದ ಮೇಲೆ ಇದನ್ನು ನೋಡಿಕೊಳ್ಳುವವರಿಗೆ ಕೂಳು ಎಲ್ಲಿಂದ ಬರುತ್ತಿತ್ತು?

ಈ ಸೀಮೆಯ ಶಾಸನಗಳು ಅದನ್ನು ಮುಚ್ಚಿಡುವುದಿಲ್ಲ. ದೇವರ ಅಂಗಭೋಗ ರಂಗಭೋಗಕ್ಕೆ ಇಷ್ಟು ಗದ್ದೆ, ನಂದಾದೀವಿಗೆಗೆ ಇಷ್ಟು ಎಣ್ಣೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಆದಾಯ ಎಂದು ಕಲ್ಲಿನಲ್ಲಿ ಲೆಕ್ಕ ಬರೆದಿದ್ದಾರೆ. ಅಳಿಪಿದವನಿಗೆ ಶಾಪವೂ ಅದೇ ಕಲ್ಲಿನಲ್ಲಿದೆ. ಹಾಸನ ಜಿಲ್ಲೆಯ ಈ ಶಾಸನಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ 1902ರಲ್ಲಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ಬೆಂಜಮಿನ್ ರೈಸ್ ಅವರ ಮಗ. ಪಾದ್ರಿಯ ಮನೆಯಲ್ಲಿ ಬೆಳೆದವರಿಗೆ ದತ್ತಿಯ ಲೆಕ್ಕ ಬೇಗ ಅರ್ಥವಾಗಿರಬೇಕು. ಏಕೆಂದರೆ ಅಂಥ ಮನೆಗಳಲ್ಲಿ ಸದಾ ಇರುತ್ತಿದ್ದ ಚಿಂತೆ ಅದೇ: ಊರಿಂದ ಹಣ ಬಂತೆ, ಬರಲಿಲ್ಲವೆ?

ಊರಿಂದ ಹಣ ಬಾರದೇ ಹೋದ ಒಬ್ಬ ಪಾದ್ರಿಯ ಕಥೆ ಇದೇ ಹಾಸನ ಸೀಮೆಯದು. ಊರು ಸಾತಳ್ಳಿ. ಹೆಸರು ಜಾನ್ ಆಂಟನಿ ದುಬೊಯ್. ಫ್ರೆಂಚರ ಬಾಯಲ್ಲಿ ಝಾಂ ಆಂತ್ವಾನ್ ದ್ಯುಬುವಾ. ನಮ್ಮ ಹಳ್ಳಿಯವರು ಈ ತೊಡಕನ್ನೆಲ್ಲ ಒಂದೇ ಏಟಿಗೆ ಬಗೆಹರಿಸಿದರು. ಅವರಿಗೆ ಆತ ‘ದೊಡ್ಡಸ್ವಾಮಿಯೋರು’.

ದುಬೊಯ್ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಅರ್ದೆಷ್ ಪ್ರಾಂತದ ಹಳ್ಳಿಯೊಂದರಲ್ಲಿ. ಪಾದ್ರಿ ದೀಕ್ಷೆ ಪಡೆದು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ ಸೇರಿ, 1792ರಲ್ಲಿ ಹಡಗು ಹತ್ತಿದರು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಕ್ರಾಂತಿ ಉರಿಯುತ್ತಿತ್ತು. ಮಠ ಚರ್ಚುಗಳ ಆಸ್ತಿ ಆಗಲೇ ಸರ್ಕಾರದ ಪಾಲಾಗಿತ್ತು, ಪಾದ್ರಿಗಳು ತಲೆ ಉಳಿಸಿಕೊಳ್ಳಲು ಓಡುತ್ತಿದ್ದರು. ದುಬೊಯ್ ಅವರನ್ನು ಕಳಿಸಿದ ಗುರುಮಠವೇ ಬಾಗಿಲು ಹಾಕಿತು. ಹೀಗೆ ಹೊರಟ ಮನುಷ್ಯನಿಗೆ ಹಿಂದಿನಿಂದ ಕಾಸು ಕಳಿಸುವ ಕೈ ಯಾವುದೂ ಉಳಿಯಲಿಲ್ಲ. ಪುದುಚೇರಿಯಲ್ಲಿ ಇಳಿದವರು ತಮಿಳು ನಾಡಿನಲ್ಲಿ ಕೆಲವು ವರ್ಷ ಓಡಾಡಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು.

ಇಲ್ಲಿ ಅವರಿಗೆ ಮೊದಲೇ ಹಾದಿ ಇತ್ತು. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಗಳಂತೆ ಬದುಕಿ, ಕನ್ನಡ ಕಲಿತು ಕನ್ನಡದಲ್ಲೇ ಬರೆದಿದ್ದರು. ಆ ಮಿಷನ್ ನೂರಕ್ಕೂ ಹೆಚ್ಚು ವರ್ಷ ನಡೆಯಿತು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದಾಗ ಮೈಸೂರಿನ ಕ್ರೈಸ್ತರ ಹೊಣೆ ಪ್ಯಾರಿಸ್ ಸಂಸ್ಥೆಯ ಹೆಗಲಿಗೆ ಬಂತು. ನಡುವೆ ಟಿಪ್ಪುವಿನ ಕಾಲದ ಸೆರೆ, ಯುದ್ಧ, ಗುಳೆ. ದುಬೊಯ್ ಬಂದಾಗ ಕಂಡದ್ದು ಚದುರಿಹೋದ, ಕೈಯಲ್ಲಿ ಏನೂ ಇಲ್ಲದ ಜನ. ಅವರ ಬಳಿ ಕಾಣಿಕೆ ಕೇಳುವಂತಿಲ್ಲ, ತನ್ನ ಊರಿಂದ ಬರುವುದೂ ಇಲ್ಲ.

ಆಗ ಅವರು ಮಾಡಿದ ಕೆಲಸ ಬೇಸಾಯದ ಒಕ್ಕಲುಗಳನ್ನು ಕೂಡಿಸಿದ್ದು. ಬಡ ಕ್ರೈಸ್ತ ಕುಟುಂಬಗಳನ್ನು ನೆಲದ ಮೇಲೆ ನೆಲೆಗೊಳಿಸಿ ಉಳುವಂತೆ ಮಾಡಿದರು. ಅಂಥ ನೆಲೆಗಳಲ್ಲಿ ಹೆಸರಾದದ್ದು ಸಾತಳ್ಳಿ. ಈ ಸೀಮೆಯ ದೇವರುಗಳಿಗೆ ಅರಸರು ಗದ್ದೆ ಬಿಟ್ಟರು. ಸಾತಳ್ಳಿಯಲ್ಲಿ ಅರಸರಿರಲಿಲ್ಲ, ಒಕ್ಕಲೇ ದತ್ತಿಯಾಯಿತು. ದೇವರ ಕೆಲಸದ ಇತಿಹಾಸ ಬರೆಯುವವರು ಪ್ರಸಂಗ, ದೀಕ್ಷಾಸ್ನಾನಗಳ ಲೆಕ್ಕ ಕೊಡುತ್ತಾರೆ, ಎತ್ತು ನೇಗಿಲುಗಳ ಲೆಕ್ಕ ಬಿಡುತ್ತಾರೆ. ಹಾಸನ ಸೀಮೆಯಲ್ಲಿ ಚರ್ಚು ನಿಂತದ್ದು ನೇಗಿಲಿನ ಮೇಲೆ.

ಸ್ವಾಮಿಯೋರು ತಾವೂ ಬದಲಾದರು. ಯೂರೋಪಿನ ಉಡುಪು ಬಿಟ್ಟು ಇಲ್ಲಿನವರಂತೆ ಉಟ್ಟರು, ತಲೆಗೆ ರುಮಾಲು ಸುತ್ತಿದರು, ಊಟ ನಡೆನುಡಿಗಳಲ್ಲಿ ಇಲ್ಲಿನ ಕಟ್ಟಳೆ ಹಿಡಿದರು. ಜನರ ವಿಶ್ವಾಸ ಗಳಿಸಲು ಹಾಗೆ ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಿಜವೇ. ಆದರೆ ಸಂಬಳವಿಲ್ಲದ ಮನುಷ್ಯನಿಗೆ ರಾಗಿಮುದ್ದೆಯ ಖರ್ಚು ಬ್ರೆಡ್ಡು ದ್ರಾಕ್ಷಾರಸದ ಖರ್ಚಿಗಿಂತ ಕಡಿಮೆ ಎಂಬುದನ್ನೂ ಸೇರಿಸಿ ಓದಬೇಕೆಂದು ನನಗನ್ನಿಸುತ್ತದೆ.

ಆ ಕಾಲದ ದೊಡ್ಡ ಮಾರಿ ಸಿಡುಬು. ಇಂಗ್ಲೆಂಡಿನ ಜೆನ್ನರ್ ಗೋವಿನ ಸಿಡುಬಿನ ಕೀವಿನಿಂದ ತಡೆ ಕಂಡುಹಿಡಿದು ಪ್ರಕಟಿಸಿದ್ದು 1798ರಲ್ಲಿ. ಅದು ಭಾರತ ತಲುಪಿದ್ದು 1802ರಲ್ಲಿ. ಅದರ ಮರುವರ್ಷವೇ ದುಬೊಯ್ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಕೈಹಾಕಿದರು. 1803-04ರಲ್ಲಿ ಅವರ ಉಸ್ತುವಾರಿಯಲ್ಲಿ ಇಲ್ಲಿನವರೇ ಆದ ದಾಕು ಹಾಕುವವರು 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿ ಪಟ್ಟಿ ಬರೆದಿಟ್ಟರು. ಆಗ ಐಸ್ ಪೆಟ್ಟಿಗೆಯಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಊರಿಂದೂರಿಗೆ ಹೋಗಬೇಕು. ಯಾರ ತೋಳಿನದು ಯಾರ ತೋಳಿಗೆ ಎಂಬುದೇ ಜಾತಿಯ ನಾಡಿನಲ್ಲಿ ದೊಡ್ಡ ತಕರಾರು. ಮಾರಮ್ಮನ ಕೋಪಕ್ಕೆ ಮನುಷ್ಯ ಅಡ್ಡ ನಿಲ್ಲಬಹುದೇ ಎಂಬುದು ಇನ್ನೊಂದು. ಹಳ್ಳಿಯವರು ನಂಬಿದ ಸ್ವಾಮಿಯೋರು ಇಲ್ಲದಿದ್ದರೆ ಈ ಸಂಖ್ಯೆ ಆಗುತ್ತಿರಲಿಲ್ಲ. ಕಾವಿಗೆ ಸಮನಾದ ಉಡುಪು, ಕನ್ನಡದ ಮಾತು ಎರಡೂ ಇಲ್ಲಿ ಉಪಯೋಗಕ್ಕೆ ಬಂದವು.

ಇನ್ನು ಪುಸ್ತಕದ ಕಥೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದುಬೊಯ್ ಫ್ರೆಂಚಿನಲ್ಲಿ ಒಂದು ದೊಡ್ಡ ಹಸ್ತಪ್ರತಿ ಸಿದ್ಧಮಾಡಿದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಶಿಫಾರಸು ಮಾಡಿದ. ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಂಪನಿ ಸರ್ಕಾರದ ಪರವಾಗಿ 2,000 ಸ್ಟಾರ್ ಪಗೋಡಾ ಕೊಟ್ಟು ಕೊಂಡ. ಒಂದು ಪಗೋಡಾ ಎಂದರೆ ಸುಮಾರು ಮೂರೂವರೆ ರೂಪಾಯಿಯ ವರಹ. ಅಂದರೆ ಏಳು ಸಾವಿರ ರೂಪಾಯಿ. ಆ ಕಾಲಕ್ಕೆ ಅದು ಒಂದು ಗಂಟೇ ಸರಿ. ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ 1816ರ ಹೊತ್ತಿಗೆ ಅಚ್ಚಾಯಿತು. ಕಂಪನಿಯ ಅಧಿಕಾರಿಗಳು ಈ ದೇಶವನ್ನು ಅರ್ಥಮಾಡಿಕೊಳ್ಳಲು ಇದನ್ನೇ ಓದಿದರು, ತಪ್ಪು ತಿಳಿದದ್ದೂ ಬಹುಮಟ್ಟಿಗೆ ಇದರಿಂದಲೇ.

ಈ ಕಥೆಗೆ ಒಂದು ಮುಳ್ಳಿದೆ. ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಆ ಪುಸ್ತಕದ ಬಹುಭಾಗ ದುಬೊಯ್ ಅವರದಲ್ಲ. ಅವರಿಗಿಂತ ಮುಂಚೆ ಪುದುಚೇರಿಯಲ್ಲಿದ್ದ ಯೇಸುಸಭೆಯ ಕೇರ್ದೂ ಎಂಬ ಪಾದ್ರಿಯ ಬರಹ. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನಂಟಿದೆ ಎಂದು ವಿಲಿಯಂ ಜೋನ್ಸನಿಗಿಂತ ಮೊದಲೇ ಬರೆದು ಕಳಿಸಿದ್ದ ಕೇರ್ದೂ ಅವರೇ ಇವರು. ಸ್ವಂತ ಕಾಲ ಮೇಲೆ ನಿಂತ ಸ್ವಾಮಿಯೋರ ಒಂದು ಕಾಲು ಇನ್ನೊಬ್ಬರದು ಎಂದಾಯಿತು. ಸಾತಳ್ಳಿಯ ಒಕ್ಕಲು, ದಾಕಿನ ಪಟ್ಟಿ ಇವುಗಳನ್ನು ಆ ಸಂಶೋಧನೆ ಅಳಿಸುವುದಿಲ್ಲ. ಆದರೆ ದೊಡ್ಡಸ್ವಾಮಿಯೋರನ್ನು ಕಂಚಿನ ಮೂರ್ತಿ ಮಾಡಲು ಹೊರಟವರು ಈ ಸಾಲದ ಚೀಟಿಯನ್ನೂ ಪೀಠದ ಕೆಳಗೆ ಇಡಬೇಕು.

1823ರ ಜನವರಿಯಲ್ಲಿ ಅವರು ಹಿಂದಿರುಗಿದರು. ಹಡಗಿನ ಖರ್ಚು ಕೊಟ್ಟು ಪಿಂಚಣಿ ಗೊತ್ತುಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ. ಅದೇ ವರ್ಷ ಲಂಡನ್ನಿನಲ್ಲಿ ಹೊರಬಂದ ಅವರ ಪತ್ರಗಳ ಪುಸ್ತಕ ಮಿಷನ್ ಲೋಕವನ್ನು ಕೆರಳಿಸಿತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂದು ಅವರು ಅದರಲ್ಲಿ ವಾದಿಸಿದ್ದರು. ತಮ್ಮ ಲೆಕ್ಕವನ್ನೂ ಇಟ್ಟಿದ್ದರು: ಇಪ್ಪತ್ತೈದು ವರ್ಷದಲ್ಲಿ ಇನ್ನೂರರಿಂದ ಮುನ್ನೂರು ಜನ, ಅವರಲ್ಲೂ ಹೆಚ್ಚಿನವರು ಗತಿಯಿಲ್ಲದೆ ಬಂದವರು. ಪ್ರಾಟೆಸ್ಟಂಟ್ ಪಾದ್ರಿಗಳು ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ತನ್ನ ಸೋಲನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದುಕೊಳ್ಳಲು ಅವರಿಂದ ಹೇಗಾಯಿತು? ಸೊಸೈಟಿಯ ಹಣದಲ್ಲಿ ಬದುಕುವವರು ವರ್ಷಕ್ಕೊಮ್ಮೆ ವರದಿ ಕಳಿಸಬೇಕು, ವರದಿಯಲ್ಲಿ ಬೆಳೆ ಚೆನ್ನಾಗಿ ಕಾಣಬೇಕು. ದುಬೊಯ್ ಬಹುಕಾಲ ಅಂಥ ವರದಿಯ ಹಂಗಿಲ್ಲದೆ ಬದುಕಿದವರು. ನನ್ನ ಮಟ್ಟಿಗೆ ಇದು ಅವರ ನೇಗಿಲಿನ ಇನ್ನೊಂದು ಫಲ. ಮುಂದೆ ಅವರು ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರೂ ಆದರು, 1848ರಲ್ಲಿ ತೀರಿಕೊಂಡರು.

ಅವರು ಆಗದು ಎಂದದ್ದು ಅಲ್ಲಿಗೆ ನಿಲ್ಲಲಿಲ್ಲ. ಒಕ್ಕಲುಗಳು ಬೆಳೆದವು. 1860ರ ದಶಕದಲ್ಲಿ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಜಪಮಾಲೆ ಮಾತೆಯ ದೊಡ್ಡ ಗುಡಿ ಕಟ್ಟಿಸಿದರು. ಇಂದು ಮಳೆಗಾಲದಲ್ಲಿ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ಏಳುವ ಆ ಗೋಡೆಗಳ ಮುಂದೆ ಮದುವೆಗೆ ಮುಂಚಿನ ಫೋಟೋ ಶೂಟು ನಡೆಯುತ್ತದೆ. ಛಾವಣಿಯಿಲ್ಲದ ಆ ಕಮಾನುಗಳನ್ನು ಜನ ಪಾಳು ಎನ್ನುತ್ತಾರೆ. ಅದು ಪಾಳು ಬಿದ್ದದ್ದಲ್ಲ. ನಂಬಿದವರು ಬಿಟ್ಟು ಹೋಗಲಿಲ್ಲ, ನೀರು ಬಂದು ಎಬ್ಬಿಸಿತು. ಗುಡಿಯನ್ನು ಸಾಕುತ್ತಿದ್ದ ಹೊಲಗದ್ದೆಗಳೇ ಮುಳುಗಿದ ಮೇಲೆ ಗುಡಿ ಒಂದೇ ಹೇಗೆ ನಿಂತೀತು?

ದುಡಿದು ತಿನ್ನುತ್ತ ದೇವರ ಕೆಲಸ ಮಾಡುವ ಪದ್ಧತಿ ಕ್ರೈಸ್ತರಲ್ಲಿ ಮೊದಲಿನದು. ಸಂತ ಪೌಲ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಿದ್ದ. ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡಹೆಂಡಿರ ಮನೆಯಲ್ಲಿದ್ದು ಅವರ ಜತೆ ಅದೇ ಕಸುಬು ಮಾಡಿ, ಬಿಡುವಿನಲ್ಲಿ ಪ್ರಸಂಗ. ಕಾಯಕ ಎಂಬ ಮಾತು ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಿನಲ್ಲೂ ಇಂಥದೇ ಒಂದು ಪ್ರಯತ್ನ ನಡೆಯಿತು. ಮಂಗಳೂರಿನಲ್ಲಿ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್, ಅಲಮಂಡ ಸೋಮಯ್ಯ ಎಂಬ ಕೊಡವರ ಹಿಂದೆ 1853ರಲ್ಲಿ ಕೊಡಗಿಗೆ ಹೋದರು. ಮೊದಮೊದಲು ಅದು ಅವರು ಸೇರಿದ್ದ ಬಾಸೆಲ್ ಮಿಷನ್ನಿನ ಹೊರಗಿನ, ಮೋಗ್ಲಿಂಗರ ಸ್ವಂತ ಸಾಹಸ. ಜೀತದ ಹೊಲೆಯರಿಗಾಗಿ ಆನಂದಪುರ ಎಂಬ ಊರು ಕಟ್ಟಿದರು, ಕಾಫಿ ಹಾಕಿಸಿದರು. ಹೆಂಡತಿಯ ಕಾಯಿಲೆಯಿಂದ 1860ರಲ್ಲಿ ಜರ್ಮನಿಗೆ ಮರಳಿದರು. ಊರು ಉಳಿಯಿತು.

ಕರಾವಳಿಯಲ್ಲಿ ಇದೇ ಪ್ರಶ್ನೆಗೆ ಕಾರ್ಖಾನೆಯ ರೂಪ ಬಂತು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಾಗ ಕಾರ್ಖಾನೆಯ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ. ಕ್ರೈಸ್ತನಾದವನು ಮನೆಯಿಂದ, ಜಾತಿಯಿಂದ, ಜತೆಗೆ ಕಸುಬಿನಿಂದಲೂ ಹೊರಬೀಳುತ್ತಿದ್ದ. ಅವನ ಹೊಟ್ಟೆಗೆ ಎಲ್ಲಿಂದ? ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ಆ ಹೆಂಚು ಘಟ್ಟ ಹತ್ತಿ ನಮ್ಮ ಅರಸೀಕೆರೆ ಕಡೆಯ ಮನೆಗಳ ಮೇಲೂ ಕೂತಿತು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಹಿಡಿದು ಹೊರಗಟ್ಟಿದಾಗ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅನ್ನ ಕೊಡುವವನೇ ಪಾದ್ರಿಯೂ ಧಣಿಯೂ ಆದರೆ ಕೂಲಿಯವನ ಭಕ್ತಿ ಯಾವುದು, ಭಯ ಯಾವುದು ಎಂಬ ಅನುಮಾನ ಆಗಲೇ ಇತ್ತು. ಸಾತಳ್ಳಿಯ ನೇಗಿಲಿಗೂ ಜೆಪ್ಪುವಿನ ಭಟ್ಟಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ.

ಈಗ ದಕ್ಷಿಣ ಭಾರತ ಸಭೆಯ ಊರುಗಳಲ್ಲಿ, ಹಾಗೆಯೇ ಕೆಥೋಲಿಕರ ಹಳ್ಳಿ ಗುಡಿಗಳಲ್ಲಿ, ಸಂಬಳದ ಪಾದ್ರಿ ಒಬ್ಬರಾದರೆ ಸಂಬಳವಿಲ್ಲದ ಕೈಗಳು ಹತ್ತಾರು. ಭಾನುವಾರದ ಶಾಲೆ ನಡೆಸುವ ಮೇಷ್ಟ್ರು, ಹಾರ್ಮೋನಿಯಂ ಹಿಡಿಯುವ ಬ್ಯಾಂಕ್ ಗುಮಾಸ್ತ, ಸಾವಿನ ಮನೆಗೆ ಮೊದಲು ಓಡುವ ಉಪದೇಶಿ, ಹಬ್ಬದ ಹಿಂದಿನ ದಿನ ಸುಣ್ಣ ಬಳಿಯುವ ಹುಡುಗರು. ಮೆಥಡಿಸ್ಟರಲ್ಲಂತೂ ಬೇರೆ ಉದ್ಯೋಗ ಮಾಡುತ್ತಲೇ ಪ್ರಸಂಗ ಮಾಡುವವರು ವೆಸ್ಲಿಯ ಕಾಲದಿಂದಲೂ ಇದ್ದಾರೆ. ಆ ಪಂಥದ ಹಣದ ಏರ್ಪಾಡು ಹುಟ್ಟಿದ್ದೂ 1742ರಲ್ಲಿ ಬ್ರಿಸ್ಟಲಿನ ಕಟ್ಟಡದ ಸಾಲ ತೀರಿಸಲು, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಎತ್ತಿದಾಗ.

ನಮ್ಮ ಕಡೆ ಪೆನ್ನಿಯ ಜಾಗದಲ್ಲಿ ಕುಂಬಳಕಾಯಿ ಇದೆ. ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ಹರಾಜು. ಯಾರೋ ತಂದ ಬಾಳೆಗೊನೆ, ತೆಂಗಿನಕಾಯಿ, ಒಂದು ಸೇರು ಅವರೆಕಾಳು, ಕಾಲು ಕಟ್ಟಿದ ಹುಂಜ. ಕೂಗುವವನು ಊರಿನ ಬಾಯಿಬಡುಕನೇ ಆಗಿರಬೇಕೆಂಬುದು ಅಲಿಖಿತ ನಿಯಮ. ಸಂತೆಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಭಾವಮೈದುನರ ಪೈಪೋಟಿಯಲ್ಲಿ ಎಂಟುನೂರಕ್ಕೆ ಏರುತ್ತದೆ. ಗೆದ್ದವನು ಅದನ್ನು ಮನೆಗೆ ಒಯ್ಯುವುದಿಲ್ಲ. ಹಣ ಎಣಿಸಿ, ಕಾಯಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟು, “ಇನ್ನೊಂದ್ಸಲ ಕೂಗಪ್ಪ” ಅನ್ನುತ್ತಾನೆ.