ಮಖ್‌ಝೂಮ್ ಮನೆತನದ ಮೂವರು ಮೊಮ್ಮಕ್ಕಳು

ಅಬೂಜಹಲ್, ಖಾಲಿದ್ ಬಿನ್ ವಲೀದ್, ಉಮ್ಮು ಸಲಮಾ. ಇಸ್ಲಾಮಿನ ಆರಂಭ ಕಾಲದ ಈ ಮೂರು ಹೆಸರುಗಳನ್ನು ಬಹಳಷ್ಟು ಮಂದಿ ಕೇಳಿರುತ್ತಾರೆ. ಆದರೆ ಮೂವರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು ಅನ್ನೋದು ಎಷ್ಟು ಜನರಿಗೆ ಗೊತ್ತು?

ಆ ಅಜ್ಜನ ಹೆಸರು ಮುಗೀರಾ. ಮನೆತನ ಬನೂ ಮಖ್‌ಝೂಮ್. ಮಕ್ಕಾದ ಖುರೈಶ್ ಬುಡಕಟ್ಟಿನಲ್ಲಿ ವ್ಯಾಪಾರ, ಸಂಪತ್ತು, ಯುದ್ಧ ಎಲ್ಲದರಲ್ಲೂ ಇವರದು ಮೇಲುಗೈ. ಉಮ್ಮು ಸಲಮಾರ ತಂದೆಗೆ ‘ಪ್ರಯಾಣಿಕರ ಬುತ್ತಿ’ ಎಂದೇ ಬಿರುದು. ಅವರ ಜೊತೆ ಹೊರಟವರು ಊಟ ಕಟ್ಟಿಕೊಳ್ಳಬೇಕಾಗಿರಲಿಲ್ಲ!

ಪ್ರವಾದಿ ಮುಹಮ್ಮದರ(ಸ) ಕರೆ ಈ ಮನೆಯನ್ನೇ ಇಬ್ಭಾಗ ಮಾಡಿತು. ಅಬೂಜಹಲ್ ಕಡುವೈರಿಯಾದ. ಅದೇ ಮನೆತನದ ಆಶ್ರಯದಲ್ಲಿದ್ದ ಸುಮಯ್ಯಾ ಎಂಬ ಬಡ ಹೆಂಗಸು ಅವನ ಕೈಯಿಂದಲೇ ಹತಳಾದಳು. ಇನ್ನೊಂದೆಡೆ, ಸಫಾ ಗುಡ್ಡದ ಬಳಿ ಮುಸ್ಲಿಮರು ಗುಟ್ಟಾಗಿ ಸೇರುತ್ತಿದ್ದ ಮನೆಯ ಯಜಮಾನ ಅರ್ಕಮ್ ಕೂಡ ಮಖ್‌ಝೂಮಿಯೇ.

ಉಮ್ಮು ಸಲಮಾ ಗಂಡ, ಮಗುವಿನೊಂದಿಗೆ ಮದೀನಾಕ್ಕೆ ಹೊರಟಾಗ ತವರಿನವರು ಅಡ್ಡ ಬಂದರು. “ನೀನು ಬೇಕಾದರೆ ಹೋಗು, ನಮ್ಮ ಹುಡುಗಿಯನ್ನು ಬಿಡೋದಿಲ್ಲ” ಎಂದು ಹಟ ಹಿಡಿದರು. ಸಿಟ್ಟಿಗೆದ್ದ ಗಂಡನ ಕಡೆಯವರು “ಹಾಗಾದರೆ ಮಗು ನಮ್ಮದು” ಎಂದರು. ಎಳೆದಾಟದಲ್ಲಿ ಕಂದನ ತೋಳೇ ಕೀಲು ತಪ್ಪಿತಂತೆ. ಗಂಡ ಮದೀನಾದಲ್ಲಿ, ಮಗು ಗಂಡನ ಮನೆಯವರ ಹತ್ತಿರ, ಆಕೆ ತವರಿನಲ್ಲಿ. ಸುಮಾರು ಒಂದು ವರ್ಷ ದಿನಾ ಬಯಲಿಗೆ ಹೋಗಿ ಸಂಜೆವರೆಗೂ ಅಳುತ್ತಾ ಕೂರುತ್ತಿದ್ದರು. ಕೊನೆಗೆ ಬಂಧುವೊಬ್ಬನ ಮನಸ್ಸು ಕರಗಿ, ಅವನ ಮಾತಿನಿಂದ ಬಿಡುಗಡೆ ಸಿಕ್ಕಿತು; ಮಗುವೂ ಕೈಸೇರಿತು.

ಮದೀನಾ 400 ಕಿ.ಮೀ.ಗೂ ಹೆಚ್ಚು ದೂರ. ಆಕೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಒಂಟೆ ಹತ್ತಿದರು. ತನ್‌ಈಮ್ ಬಳಿ ಎದುರಾದ ಉಸ್ಮಾನ್ ಬಿನ್ ತಲ್ಹಾ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆದರೂ ಒಂಟೆಯ ಹಗ್ಗ ಹಿಡಿದು ಮದೀನಾದ ಅಂಚಿನ ಕುಬಾದವರೆಗೆ ಗೌರವದಿಂದ ತಲುಪಿಸಿ ಹಿಂದಿರುಗಿದರು.

625ರ ಉಹುದ್ ಯುದ್ಧದಲ್ಲಿ ಪತಿ ಗಾಯಗೊಂಡು, ಮುಂದೆ ಅದೇ ಗಾಯದಿಂದ ತೀರಿಕೊಂಡರು. ಆ ದಿನ ಎದುರು ಪಾಳೆಯದ ಕುದುರೆ ಪಡೆ ನಡೆಸಿದ್ದವನು ಆಕೆಯದೇ ರಕ್ತಸಂಬಂಧಿ ಖಾಲಿದ್!

ನಂತರ ಆಕೆ ಪ್ರವಾದಿಯವರ(ಸ) ಪತ್ನಿಯಾದರು. 628ರ ಹುದೈಬಿಯಾ ಒಪ್ಪಂದದಿಂದ ನೊಂದಿದ್ದ ಅನುಯಾಯಿಗಳು ಬಲಿ ಕೊಟ್ಟು ತಲೆ ಬೋಳಿಸಲು ಏಳಲೇ ಇಲ್ಲ. “ಯಾರೊಂದಿಗೂ ಮಾತಾಡದೆ ಮೊದಲು ನೀವೇ ಮಾಡಿ” ಎಂಬುದು ಉಮ್ಮು ಸಲಮಾರ ಸಲಹೆ. ಪ್ರವಾದಿ(ಸ) ಹಾಗೇ ಮಾಡಿದರು, ಎಲ್ಲರೂ ಎದ್ದರು.

ಅಬೂಜಹಲ್ 624ರಲ್ಲೇ ಬದ್ರ್ ಯುದ್ಧದಲ್ಲಿ ಸತ್ತಿದ್ದ. ಖಾಲಿದ್ 629ರಲ್ಲಿ ಇಸ್ಲಾಮ್ ಸ್ವೀಕರಿಸಿ ‘ಅಲ್ಲಾಹನ ಖಡ್ಗ’ ಎನಿಸಿಕೊಂಡರು. ಅಷ್ಟು ಕಾದಾಡಿಯೂ ಸಾವು ಬಂದದ್ದು ಹಾಸಿಗೆಯ ಮೇಲೆ. ಅಬೂಜಹಲನ ಮಗ ಇಕ್ರಿಮಾ ಮಕ್ಕಾ ವಿಜಯದ ವೇಳೆ ಯಮನ್‌ನತ್ತ ಓಡಿಹೋದ. ಪತ್ನಿ ಉಮ್ಮು ಹಕೀಮ್ ಬೆನ್ನಟ್ಟಿ ಹೋಗಿ ಕರೆತಂದರು. ಪ್ರವಾದಿ(ಸ) ಕ್ಷಮಿಸಿದರು.

ಅಪ್ಪನ ವೈರವನ್ನು ಮಗನ ತಲೆಗೆ ಕಟ್ಟಲಿಲ್ಲ. ಮನೆತನದ ಹೆಸರಿಗಿಂತ ಮನುಷ್ಯ ಆರಿಸಿಕೊಂಡ ದಾರಿ ದೊಡ್ಡದು ಅನ್ನೋದಕ್ಕೆ ಮಖ್‌ಝೂಮಿಗಳ ಕತೆಗಿಂತ ಬೇರೆ ಸಾಕ್ಷಿ ಬೇಕೆ?