ಚಕ್ರಾಧಿಪತ್ಯದ ಆಟಕ್ಕೆ ಅಕ್ಷರಾಭ್ಯಾಸ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹುಡುಗರಿಗೆ ಸಂಧಿಸಮಾಸಗಳನ್ನು ಬೋಧಿಸಿ ವಿಶ್ರಾಂತನಾದ ಉಪಾಧ್ಯಾಯನೊಬ್ಬನು ಗಣಕಯಂತ್ರದ ಆಟವನ್ನು ಕುರಿತು ಲೇಖನಿ ಹಿಡಿದರೆ ವಾಚಕಮಹಾಶಯರು ನಗಬಹುದು. ನಗಲಿ, ಬೇಸರವಿಲ್ಲ. ಮಕ್ಕಳಿರುವ ಮನೆಗಳಲ್ಲಿ ಈ ವಿಷಯವು ಇಂದಲ್ಲ ನಾಳೆ ತಲೆದೋರತಕ್ಕದ್ದೇ ಆದುದರಿಂದ, ನನಗೆ ಬಂದ ಅನುಭವವು ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ನಿವೇದಿಸುತ್ತೇನೆ.

ಕಳೆದ ಬೇಸಗೆಯ ರಜಕ್ಕೆ ಹದಿನಾಲ್ಕು ವರ್ಷದ ನನ್ನ ಮೊಮ್ಮಗನು ನಮ್ಮಲ್ಲಿಗೆ ಬಂದನು. ಹಿಂದಿನ ವರ್ಷಗಳಲ್ಲಿ ಜಗಲಿಯ ಮೇಲೆ ಕುಳಿತು ನನ್ನೊಡನೆ ಚದುರಂಗವಾಡುತ್ತಿದ್ದವನು ಈ ಸಲ ಕೋಣೆಯ ಬಾಗಿಲು ಮುಚ್ಚಿಕೊಂಡು ಯಂತ್ರದ ಮುಂದೆ ಕುಳಿತನು. ಊಟಕ್ಕೆ ಕರೆದರೆ ಒಳಗಿನಿಂದಲೇ "ಬಂದೆ" ಎನ್ನುವನು, ಬರುವನೆಂಬ ಭರವಸೆಯಿಲ್ಲ. ಅವನ ಅಜ್ಜಿಗೆ ಚಿಂತೆ ಹತ್ತಿತು. ಯಂತ್ರವನ್ನು ಕಸಿದಿಡಿರೆಂದು ಅವನ ತಂದೆಯು ಫೋನಿನಲ್ಲಿ ಹೇಳಿದರು. ಆದರೆ ಓದದ ಗ್ರಂಥವನ್ನು ನಿಂದಿಸಬಾರದೆಂದು ಶಿಷ್ಯರಿಗೆ ಹೇಳುತ್ತಿದ್ದ ನಾನು, ಆಡದ ಆಟವನ್ನು ನಿಷೇಧಿಸುವುದು ಹೇಗೆ? ಒಂದು ಮಧ್ಯಾಹ್ನ ಬಾಗಿಲು ತಟ್ಟಿ, "ಇದನ್ನು ನನಗೂ ಹೇಳಿಕೊಡಪ್ಪ" ಎಂದೆನು. ಅವನು ಆಶ್ಚರ್ಯದಿಂದ ನನ್ನ ಮುಖವನ್ನು ನೋಡಿ, ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟನು.

ಆಟದ ಹೆಸರು 'ಸಿವಿಲೈಜೇಷನ್', ಎಂದರೆ ನಾಗರಿಕತೆ. ಸಿಡ್ ಮೈಯರ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಇದರ ಮೊದಲನೆಯ ಆವೃತ್ತಿಯು 1991ರಲ್ಲಿ ಅಮೆರಿಕದಲ್ಲಿ ಹೊರಬಿದ್ದಿತು. ಏಳನೆಯದು 2025ರಲ್ಲಿ ಬಂದಿರುವುದಾದರೂ ನಮ್ಮ ಮನೆಯಲ್ಲಿ ನಡೆಯುವುದು 2016ರಲ್ಲಿ ಪ್ರಕಟವಾದ ಆರನೆಯದು. ಜೇನುಗೂಡಿನಂತೆ ಷಟ್ಕೋಣಗಳಾಗಿ ಭಾಗಿಸಿದ ಭೂಪಟದಲ್ಲಿ, ಕ್ರಿ.ಪೂ. 4000ದಲ್ಲಿ, ಒಂದು ವಲಸೆಯ ತಂಡವೂ ಒಬ್ಬ ಯೋಧನೂ ನಮ್ಮ ವಶಕ್ಕೆ ಬರುವರು. ಅಲ್ಲಿಂದ ಊರು ಕಟ್ಟಿ, ಹೊಲ ಹಸನುಮಾಡಿ, ವಿದ್ಯೆಗಳನ್ನು ಸಂಪಾದಿಸುತ್ತ ಕ್ರಿ.ಶ. 2050ರವರೆಗೆ ರಾಜ್ಯಭಾರ ಮಾಡಬೇಕು. ಸಾಮಾನ್ಯ ವೇಗದಲ್ಲಿ ಆಡಿದರೆ ಇದು 500 ಸರದಿಗಳಷ್ಟು ದೀರ್ಘ. ಗೆಲ್ಲುವ ಮಾರ್ಗಗಳೂ ಅನೇಕ: ವಿಜ್ಞಾನದಿಂದ, ಸಂಸ್ಕೃತಿಯಿಂದ, ಧರ್ಮಪ್ರಸಾರದಿಂದ, ಇಲ್ಲವೇ ಎಲ್ಲರ ರಾಜಧಾನಿಗಳನ್ನು ಜಯಿಸುವುದರಿಂದ. ಇದಕ್ಕೆ ಎರಡು ದೊಡ್ಡ ವಿಸ್ತರಣಗಳುಂಟು. 2018ರ 'ರೈಸ್ ಅಂಡ್ ಫಾಲ್' ಎಂಬುದು ರಾಜ್ಯಗಳ ಉದಯಾಸ್ತಗಳನ್ನೂ, 2019ರ 'ಗ್ಯಾದರಿಂಗ್ ಸ್ಟಾರ್ಮ್' ಎಂಬುದು ಪ್ರಕೃತಿಯ ಕೋಪವನ್ನೂ ಆಟದೊಳಕ್ಕೆ ತಂದಿರುವುವು.

ಮೊದಲ ದಿನವೇ ನಾನು ಪ್ರಮಾದ ಮಾಡಿದೆನು. "ಎಲ್ಲವನ್ನೂ ಸೇರಿಸಿಬಿಡು, ಅರ್ಧಂಬರ್ಧ ಏಕೆ?" ಎಂದು ಹುಡುಗನಿಗೆ ಅಪ್ಪಣೆಮಾಡಿದೆನು. ನದಿಯ ಬಯಲಿನಲ್ಲಿ ಒಕ್ಕಲು ಹೂಡಿದೆನು. ಪ್ರವಾಹವು ಬಂದು ಹೊಲಗಳನ್ನು ಹಾಳುಮಾಡಿತು. ರಾಜಧಾನಿಗೆ ಬಹುದೂರದಲ್ಲಿ, ನೆರೆಯ ಅರಸನ ಮಗ್ಗುಲಲ್ಲಿ, ಮೂರನೆಯ ಊರನ್ನು ಕಟ್ಟಿದೆನು. ಯುದ್ಧವಿಲ್ಲದೆಯೇ ಆ ಊರು ನನ್ನ ಕೈಬಿಟ್ಟು ಸ್ವತಂತ್ರವಾಗಿ, ಆಮೇಲೆ ಆ ಅರಸನನ್ನೇ ಸೇರಿಕೊಂಡಿತು. ಏಕೆಂಬುದು ನನಗೆ ತಿಳಿಯಲೇ ಇಲ್ಲ. ಸಿಟ್ಟಿನಿಂದ ಎದ್ದು ನಿಂತಾಗ ಹುಡುಗನು, "ತಾತ, ನೀವು ಸ್ಕೂಲಿನಲ್ಲಿ ಮೊದಲನೇ ದಿನವೇ ಸಮಾಸ ಹೇಳಿಕೊಡುತ್ತಿದ್ದಿರಾ?" ಎಂದು ಕೇಳಿದನು. ನಾನು ಉತ್ತರವಿಲ್ಲದೆ ಕುಳಿತುಕೊಂಡೆನು. ಅಕ್ಷರ, ಕಾಗುಣಿತ, ಒತ್ತಕ್ಷರ, ಆಮೇಲೆ ವಾಕ್ಯ: ಇದೇ ಅಲ್ಲವೆ ನಾನು ಜನ್ಮವೆಲ್ಲ ಅನುಸರಿಸಿದ ಕ್ರಮ? ಈ ಆಟಕ್ಕೂ ಅದೇ ಕ್ರಮವೆಂದು ಗೊತ್ತುಮಾಡಿಕೊಂಡು ಮತ್ತೆ ಮೊದಲಿನಿಂದ ಪ್ರಾರಂಭಿಸಿದೆವು.

ಹೊಸದಾಗಿ ಆಡತಕ್ಕವರು ಮೊದಲು ಗಮನಿಸತಕ್ಕದ್ದು ಸಿದ್ಧತೆಯನ್ನು. ಆಟವನ್ನು ಹೂಡುವ ಪುಟದಲ್ಲಿ ನಿಯಮಾವಳಿಯನ್ನು ಆರಿಸುವ ಅವಕಾಶವಿರುವುದು. ವಿಸ್ತರಣಗಳನ್ನು ಒಂದೇ ಕಟ್ಟಿನಲ್ಲಿ ಕೊಂಡಿದ್ದರೂ, ಅಲ್ಲಿ ಮೂಲದ ನಿಯಮಾವಳಿಯನ್ನೇ ಆರಿಸತಕ್ಕದ್ದು. ನಾಲ್ವರು ಅರಸರ 'ಟೈನಿ' ಎಂಬ ಸಣ್ಣ ಭೂಪಟವು ಸಾಕು. ಕಷ್ಟದ ಮೆಟ್ಟಲುಗಳು ಎಂಟು. ನಾಲ್ಕನೆಯದಾದ 'ಪ್ರಿನ್ಸ್' ಎಂಬುದು ಸಮಬಲದ್ದು, ಅದಕ್ಕೂ ಕೆಳಗಿನವು ನಮಗೆ ಅನುಕೂಲ, ಮೇಲಿನವು ಯಂತ್ರಕ್ಕೆ ಅನುಕೂಲ. ಎರಡನೆಯ ಮೆಟ್ಟಲಿನಿಂದ ಆರಂಭಿಸುವುದು ಲಜ್ಜೆಯ ವಿಷಯವಲ್ಲ. ಅರಸರಲ್ಲಿ ರೋಮಿನ ಟ್ರೇಜನ್ ಹೊಸಬರಿಗೆ ಉಪಕಾರಿ. ಅವನು ಸ್ಥಾಪಿಸುವ ಪ್ರತಿಯೊಂದು ಊರಿಗೂ ಸ್ಮಾರಕಸ್ತಂಭವು ವೆಚ್ಚವಿಲ್ಲದೆ ದೊರೆಯುವುದು, ಹತ್ತಿರದ ಊರುಗಳಿಗೆ ರಾಜಧಾನಿಯಿಂದ ರಸ್ತೆಯೂ ತಾನಾಗಿಯೇ ಆಗುವುದು.

ಎರಡನೆಯದು ನೀರು. ಸಿಹಿನೀರಿನ ದಡದ ಊರಿಗೆ ಆರಂಭದಲ್ಲಿ ವಸತಿಯ ಪ್ರಮಾಣವು 5, ಸಮುದ್ರತೀರದ್ದಕ್ಕೆ 3, ನೀರಿಲ್ಲದ್ದಕ್ಕೆ 2 ಮಾತ್ರ. ಒಂದೊಂದು ಸರದಿಗೂ ಒಬ್ಬೊಬ್ಬ ಪ್ರಜೆಯು ಎರಡು ಪಾಲು ಆಹಾರವನ್ನು ಉಣ್ಣುವನು; ಮಿಕ್ಕಿದ್ದರಿಂದಲೇ ಊರು ಬೆಳೆಯುವುದು. ನದಿಯನ್ನೂ ಗದ್ದೆಯನ್ನೂ ನೋಡಿ ಊರು ಕಟ್ಟಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯದು ರಕ್ಷಣೆ. ಭೂಪಟದಲ್ಲಿ ದಸ್ಯುಗಳ ಪಾಳೆಯಗಳುಂಟು. ಅವರ ಗೂಢಚಾರನು ನಮ್ಮ ಊರನ್ನು ಕಂಡು ಪಾಳೆಯಕ್ಕೆ ಹಿಂದಿರುಗಿದನೆಂದರೆ ದಂಡು ಹೊರಡುವುದು. ಅವನನ್ನು ದಾರಿಯಲ್ಲಿಯೇ ತಡೆದರೆ ಅರ್ಧ ಭಯವು ತೀರಿತು. ಆದಕಾರಣ ಮೊದಲು ಒಬ್ಬ ಶೋಧಕನು, ಅನಂತರ ಒಬ್ಬ ಕವಣೆಗಾರನು, ಅನಂತರ ವಲಸೆಯ ತಂಡ: ಈ ಅನುಕ್ರಮವು ಕ್ಷೇಮಕರ.

ನಾಲ್ಕನೆಯದು ಸ್ಥಾನಜ್ಞಾನ. ವಿದ್ಯಾಲಯ, ದೇವಸ್ಥಾನ, ಪೇಟೆ ಮುಂತಾದವು ಊರಿನ ಹೊರಗೆ ಬೇರೆ ಬೇರೆ ಮನೆಗಳಲ್ಲಿ ಕೇರಿಗಳಾಗಿ ನಿಲ್ಲುವುವು. ವಿದ್ಯಾಕೇರಿಯು ಬೆಟ್ಟದ ಮಗ್ಗುಲಲ್ಲಿದ್ದರೆ ಫಲವು ಹೆಚ್ಚು. ಪೇಟೆಗೆ ನದಿಯ ದಡವು ಮೇಲು. ಮಾಡಿ ಕಲಿತವನಿಗೆ ವಿದ್ಯೆಯು ಬೇಗನೆ ಒಲಿಯುವುದೆಂಬ ನಿಯಮವೂ ಇಲ್ಲುಂಟು. ಕಲ್ಲುಗಣಿಯನ್ನು ತೋಡಿದವನಿಗೆ ಕಲ್ಲುಕಟ್ಟಡದ ವಿದ್ಯೆಯೂ, ಕಡಲ ತೀರದಲ್ಲಿ ಊರು ಕಟ್ಟಿದವನಿಗೆ ನೌಕಾವಿದ್ಯೆಯೂ ಕಡಮೆ ಕಾಲದಲ್ಲಿ ಸಿದ್ಧಿಸುವುವು. ಉಪಾಧ್ಯಾಯನಾದ ನನಗೆ ಈ ನಿಯಮವು ಬಹಳ ಹಿಡಿಸಿತು.

ಹೀಗೆ ಮೂಲದ ಆಟವನ್ನು ಗೆದ್ದೋ ಸೋತೋ ಒಮ್ಮೆ ಕೊನೆಮುಟ್ಟಿಸಿದ ಮೇಲೆ ಮೊದಲನೆಯ ವಿಸ್ತರಣಕ್ಕೆ ಹೋಗತಕ್ಕದ್ದು. ಅದರಲ್ಲಿ ಪ್ರತಿಯೊಂದು ಊರಿಗೂ 'ನಿಷ್ಠೆ' ಎಂಬ ಅಳತೆಯುಂಟು. ಒಂಬತ್ತು ಮನೆಗಳೊಳಗಿರುವ ಪರರಾಜ್ಯದ ಜನಸಂಖ್ಯೆಯು ಅದನ್ನು ತನ್ನ ಕಡೆಗೆ ಸೆಳೆಯುವುದು. ನನ್ನ ಮೂರನೆಯ ಊರು ಏಕೆ ಕೈಬಿಟ್ಟಿತೆಂಬುದು ಆಗ ತಿಳಿಯಿತು. ಏಳು ಮಂದಿ ಗವರ್ನರುಗಳಲ್ಲಿ ಒಬ್ಬನನ್ನು ಅಲ್ಲಿ ನೇಮಿಸಿದ್ದರೆ ಅದು ಉಳಿಯುತ್ತಿತ್ತೋ ಏನೋ. ಎರಡನೆಯ ವಿಸ್ತರಣದಲ್ಲಿ ಪ್ರವಾಹವೂ ಜ್ವಾಲಾಮುಖಿಯೂ ನಾಶಮಾಡುವಂತೆಯೇ ಮಣ್ಣಿಗೆ ಸಾರವನ್ನೂ ಕೊಡುವುವು; ಕಲ್ಲಿದ್ದಲನ್ನೂ ಎಣ್ಣೆಯನ್ನೂ ಅತಿಯಾಗಿ ಸುಟ್ಟರೆ ಭೂಮಿಯು ಕಾದು, ಸಮುದ್ರವು ಉಕ್ಕಿ, ತೀರದ ತಗ್ಗುನೆಲಗಳು ಮುಳುಗುವುವು. ಕೊಳ್ಳುವವರಿಗೆ ಒಂದು ಸೂಚನೆ: ಎರಡನೆಯದನ್ನು ಕೊಂಡರೆ ಮೊದಲನೆಯದರ ನಿಷ್ಠೆ, ಗವರ್ನರು ಮೊದಲಾದ ನಿಯಮಗಳೂ ಅದರೊಳಗೆ ಬರುವುವು, ಮೊದಲನೆಯದರ ಅರಸರು ಮಾತ್ರ ಬಾರರು.

ಆ ಅರಸರಲ್ಲಿ ಮೌರ್ಯ ಚಂದ್ರಗುಪ್ತನೂ ಒಬ್ಬನು. ಅವನ ವಿಶೇಷಶಕ್ತಿಯ ಹೆಸರೇ 'ಅರ್ಥಶಾಸ್ತ್ರ'. ಇದನ್ನು ಕಂಡಾಗ ಹುಡುಗನ ಪಾಠವನ್ನು ತಡೆದು ನಾನು ಪಾಠ ಹೇಳಿದೆನು. ಕೌಟಿಲ್ಯನ ಗ್ರಂಥದ ತಾಳೆಯೋಲೆಯ ಪ್ರತಿಯು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದ ಅಚ್ಚಾಯಿತೆಂದೂ, ಚಂದ್ರಗುಪ್ತನು ಕಡೆಗಾಲದಲ್ಲಿ ರಾಜ್ಯವನ್ನು ತ್ಯಜಿಸಿ ಶ್ರವಣಬೆಳಗೊಳಕ್ಕೆ ಬಂದನೆಂಬ ಐತಿಹ್ಯವುಂಟೆಂದೂ ತಿಳಿಸಿದೆನು. ಮರುವಾರ ಇಬ್ಬರೂ ಚಂದ್ರಗಿರಿಯನ್ನು ಹತ್ತಿ ಬಂದೆವು. "ಆಟದಲ್ಲಿ ರಾಜ್ಯ ಬಿಟ್ಟುಕೊಡುವ ಗುಂಡಿಯೇ ಇಲ್ಲವಲ್ಲ, ತಾತ!" ಎಂದನು ಅವನು.

ಕಡೆಯದಾಗಿ ಕಾಲದ ಮಾತು. ಈ ಆಟದ ದೊಡ್ಡ ಅಪಾಯವು ಶತ್ರುಗಳಿಂದಲ್ಲ, "ಇನ್ನೊಂದೇ ಸರದಿ" ಎಂಬ ಆಸೆಯಿಂದ. ಒಂದು ಸಂಜೆ ಹುಡುಗನು ಆಗಲೇ ಎದ್ದುಹೋಗಿದ್ದನು, ಕೂತಿದ್ದವನು ನಾನು. ದೇವರ ದೀಪವನ್ನು ಹಚ್ಚಿ ನನ್ನಾಕೆಯು ಎರಡು ಸಲ ಕರೆದಳು. "ಬಂದೆ" ಎಂದೆನು. ಅಡಿಗೆಮನೆಗೆ ಹೋದಾಗ ಒಂಬತ್ತೂವರೆ. ಬಡಿಸಿಟ್ಟ ಅನ್ನ ಆರಿತ್ತು, ಆಕೆಯೂ ಉಂಡಿರಲಿಲ್ಲ. ಮೊಮ್ಮಗನಿಗೆ ಬುದ್ಧಿ ಹೇಳಹೊರಟ ನನ್ನ ಬಾಯಿಂದ ಅವನದೇ ಮಾತು ಬಂದಿತ್ತು. ಅಂದಿನಿಂದ ಇಬ್ಬರಿಗೂ ಒಂದೇ ನಿಯಮ: ಸರದಿಗಳನ್ನು ಎಣಿಸದೆ ಗಡಿಯಾರವನ್ನು ನೋಡತಕ್ಕದ್ದು. ಏಕೆಂದರೆ ರಾಜ್ಯವು ಬೆಳೆದಂತೆಲ್ಲ ಒಂದೊಂದು ಸರದಿಯೂ ಉದ್ದವಾಗುವುದು. ದಿನಕ್ಕೆ ಒಂದು ಗಂಟೆ. ಊಟದ ಕರೆ ಬಂದ ಕೂಡಲೇ ಆಟವನ್ನು ಉಳಿಸಿಟ್ಟು ಏಳುವುದು. ಯಾವ ಸರದಿಯಲ್ಲಿ ಬೇಕಾದರೂ ಉಳಿಸಿಡಬಹುದಾದ್ದರಿಂದ "ಈಗ ಬಿಡಲಾಗದು" ಎಂಬ ಮಾತು ನೆವವೇ ಸರಿ.

ರಜವು ಮುಗಿದು ಹುಡುಗನು ತನ್ನ ಊರಿಗೆ ಹೋದನು. ಹೊರಡುವ ಮುನ್ನ, ದೂರದಲ್ಲಿರುವವರು ತಮ್ಮ ತಮ್ಮ ಬಿಡುವಿನಲ್ಲಿ ಒಂದೊಂದೇ ಸರದಿ ಆಡುವ ಏರ್ಪಾಡನ್ನು ಮಾಡಿಟ್ಟಿದ್ದಾನೆ. ರಾತ್ರಿ ಪಾಠ ಮುಗಿದ ಮೇಲೆ ಅವನದು. ಬೆಳಗಿನ ಕಾಫಿಯಾದ ಮೇಲೆ ನನ್ನದು. ನಿನ್ನೆ ಅವನು ನನ್ನ ಗಡಿಯ ಹತ್ತಿರ ಹೊಸದೊಂದು ಊರನ್ನು ಕಟ್ಟಿದ್ದಾನೆ. ಅದಕ್ಕೆ ನಿಷ್ಠೆಯು ಸಾಲದು. ಅವನಿಗೆ ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.