ಗರ್ಭದ ಮೊದಲ ಇಪ್ಪತ್ತೆಂಟು ದಿನಗಳು

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಲೆಕ್ಕ ನೋಡುವವನು. ಆದರೂ ಸ್ಮರಣ ಸಂಚಿಕೆಗೆ ಆರೋಗ್ಯದ ಲೇಖನ ಬರೆಯಲು ಹೊರಟಿರುವುದಕ್ಕೆ ಒಂದು ಅಂಕಿಯೇ ಕಾರಣ. ನವಜಾತ ಶಿಶುಗಳ ಮೆದುಳು, ಬೆನ್ನುಹುರಿಗಳಿಗೆ ಸಂಬಂಧಿಸಿದ ಹುಟ್ಟುದೋಷಗಳಲ್ಲಿ ಪ್ರಮುಖವಾದುದು ‘ನರನಾಳದ ದೋಷ’. ದಾವಣಗೆರೆಯ ವೈದ್ಯರು 3500 ಜನನಗಳನ್ನು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ, ಅದರ ಪ್ರಮಾಣ ಸಾವಿರಕ್ಕೆ 11ಕ್ಕೂ ಹೆಚ್ಚು. ಯುರೋಪಿನಲ್ಲಿ ಇದು ಸಾವಿರಕ್ಕೆ ಸುಮಾರು ಒಂದು.

ಅಂಶದೊಡನೆ ಛೇದವನ್ನೂ ನೋಡಬೇಕೆಂಬುದು ನಮ್ಮ ಕಸುಬಿನ ಪಾಠ. ತೊಡಕಿನ ಹೆರಿಗೆಗಳೇ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಿಗೆ ಬರುವುದರಿಂದ ಅಲ್ಲಿನ ದರ ಏರುವುದು ಸಹಜ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಈಚಿನ ವಿಶ್ಲೇಷಣೆಗಳು ಭಾರತದ ಸರಾಸರಿಯನ್ನು ಸಾವಿರಕ್ಕೆ 4ರಿಂದ 5 ಎಂದು ಅಂದಾಜು ಮಾಡಿವೆ. ಅಂದರೆ ಶೇಕಡಾ ಅರ್ಧದಷ್ಟು. ಅರ್ಧ ಶೇಕಡಾ ಬಡ್ಡಿಗಾಗಿ ಬ್ಯಾಂಕನ್ನೇ ಬದಲಿಸುವ ಠೇವಣಿದಾರರನ್ನು ಕಂಡಿದ್ದೇನೆ. ಈ ಅರ್ಧ ಶೇಕಡಾದ ಮಾತನ್ನು ಮಾತ್ರ ನಮ್ಮ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ.

ಗರ್ಭಾಂಕುರವಾದ ಮೂರು-ನಾಲ್ಕನೆಯ ವಾರಗಳಲ್ಲಿ ಜೀವಕೋಶಗಳ ಒಂದು ಹಾಳೆ ಮಡಚಿಕೊಂಡು ನಾಳವಾಗುತ್ತದೆ. ಇದೇ ಮುಂದೆ ಮೆದುಳೂ ಬೆನ್ನುಹುರಿಯೂ ಆಗುವುದು. ಸುಮಾರು 28ನೆಯ ದಿನಕ್ಕೆ ನಾಳವು ಮುಚ್ಚಿಕೊಳ್ಳಬೇಕು. ಮೇಲ್ತುದಿ ಮುಚ್ಚದಿದ್ದರೆ ಮೆದುಳೂ ತಲೆಬುರುಡೆಯೂ ಪೂರ್ಣವಾಗಿ ರೂಪುಗೊಳ್ಳವು. ಅಂಥ ಶಿಶು ಉಳಿಯುವುದಿಲ್ಲ. ಕೆಳಭಾಗ ಮುಚ್ಚದಿದ್ದರೆ ಬೆನ್ನುಹುರಿ ತೆರೆದುಕೊಂಡೇ ಉಳಿದು, ಕಾಲುಗಳ ಶಕ್ತಿಯೂ ಮೂತ್ರದ ಹತೋಟಿಯೂ ಕುಂದಬಹುದು; ಅನೇಕರಿಗೆ ತಲೆಯಲ್ಲಿ ನೀರು ತುಂಬಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಆ 28ನೆಯ ದಿನಕ್ಕೆ ತಾಯಿಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಮೂರು ತಿಂಗಳು ತುಂಬುವವರೆಗೆ ಬಾಯಿಬಿಡಬಾರದೆಂಬುದು ನಮ್ಮ ಹಿರಿಯರ ಪದ್ಧತಿ. ಆ ಬಳಿಕ ವೈದ್ಯರಲ್ಲಿಗೆ ಹೋದರೆ, ಕಟ್ಟಬೇಕಾದ ಕಂತಿನ ದಿನಾಂಕ ಎಂದೋ ಮೀರಿರುತ್ತದೆ.

ಇದನ್ನು ಬಹುಮಟ್ಟಿಗೆ ತಡೆಯಬಲ್ಲ ಜೀವಸತ್ವದ ಕಥೆ ಮುಂಬಯಿಯ ಕನ್ನಡಿಗರಿಗೆ ಹತ್ತಿರದ್ದು. 1928ರಲ್ಲಿ ಇಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿ, ಅದು ಮಾರ್ಮೈಟ್ ಎಂಬ ಯೀಸ್ಟ್ ಸಾರದಿಂದ ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲದ ವರ್ಗಕ್ಕೆ ಸೇರಿದುದೆಂದು ತರುವಾಯ ತಿಳಿಯಿತು. 1941ರಲ್ಲಿ ಪಾಲಕ್ ಜಾತಿಯ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ, ‘ಎಲೆ’ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಬಂದಿತು. ಮುಂದೆ ಏಳು ದೇಶಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವು, ಹಿಂದೆ ಇಂಥ ಗರ್ಭ ಕಂಡಿದ್ದ ತಾಯಂದಿರಲ್ಲಿ ದೋಷದ ಮರುಕಳಿಕೆಯನ್ನು ಫೋಲಿಕ್ ಆಮ್ಲವು ಶೇಕಡಾ 72ರಷ್ಟು ತಗ್ಗಿಸುವುದೆಂದು ತೋರಿಸಿತು.

ಸೊಪ್ಪು, ಕಾಳುಗಳಲ್ಲಿ ಈ ಸತ್ವವಿದೆ. ಬಹಳ ಹೊತ್ತು ಬೇಯಿಸಿ ನೀರು ಬಸಿದರೆ ಬಹುಪಾಲು ಹೋಗುತ್ತದೆ. ಆದುದರಿಂದ ಊಟವೊಂದನ್ನೇ ನಂಬದೆ, ಮಗು ಬೇಕೆಂದು ನಿಶ್ಚಯಿಸಿದಂದಿನಿಂದ ಗರ್ಭದ 12 ವಾರಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗುಳಿಗೆ ದುಬಾರಿಯದಲ್ಲ. ಎಲ್ಲ ಪ್ರಕರಣಗಳೂ ಇದರಿಂದ ತಪ್ಪುವುದಿಲ್ಲ. ಹತ್ತಿರದ ರಕ್ತಸಂಬಂಧದ ವಿವಾಹ, ಹತೋಟಿಯಲ್ಲಿಲ್ಲದ ಸಿಹಿಮೂತ್ರ, ಮೂರ್ಛೆರೋಗದ ಕೆಲವು ಔಷಧಿಗಳೂ ಅಪಾಯವನ್ನು ಹೆಚ್ಚಿಸುತ್ತವೆ.

ಊರಿನಲ್ಲಾದರೆ ಅಜ್ಜಿಯೋ ಸೋದರತ್ತೆಯೋ ಹೇಳಿಯಾರು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ನವವಿವಾಹಿತೆಗೆ ಹೇಳುವವರು ಯಾರು? ಜಾತಕ, ಸೀರೆ, ಛತ್ರಗಳಿಗೆ ತಿಂಗಳುಗಟ್ಟಲೆ ಓಡಾಡುವ ನಾವು, ಮದುವೆಯ ಮರುವಾರವೇ ದಂಪತಿಗಳನ್ನು ಒಮ್ಮೆ ವೈದ್ಯರಲ್ಲಿಗೆ ಕಳುಹಿಸಲು ಏಕೆ ನಾಚಬೇಕು? ಹಿಂದೆ ಇಂಥ ಗರ್ಭ ಕಂಡವರಿಗಂತೂ ಮಾತ್ರೆಯ ಪ್ರಮಾಣವೇ ಬೇರೆ, ದಿನಕ್ಕೆ 4 ಮಿಲಿಗ್ರಾಂನಷ್ಟು. ಅದನ್ನು ಮುಂದಿನ ಗರ್ಭಕ್ಕೆ ಮುನ್ನವೇ ವೈದ್ಯರು ಬರೆದುಕೊಡಬೇಕು.